ಘಟಪ್ರಭೆಯ ದಂಡೆಯಲ್ಲಿ ಒಂದು ತಿರುಗಾಟ



ನದಿಯ ದಂಡೆಯಲ್ಲಿ ತಿರುಗಾಡುವ ಸುಖವನ್ನು ಆಂಗ್ಲ ಗ್ರಂಥಗಳಲ್ಲಿ ಓದಿದವರ ಮನಸ್ಸಿನಲ್ಲಿ ಒಂದು ಚಿತ್ರ ನಿಂತಿರುತ್ತದೆ. ಒಂದು ಮಗ್ಗುಲಿಗೆ ನೀರು, ಇನ್ನೊಂದು ಮಗ್ಗುಲಿಗೆ ಮರಗಳ ಸಾಲು. ನಡುವೆ ಕಲ್ಲು ಹಾಸಿದ ಅಗಲವಾದ ದಾರಿ. ಕಾಲು ಸೋತವರಿಗೆ ಅಲ್ಲಲ್ಲಿ ಕುಳಿತುಕೊಳ್ಳಲು ಪೀಠಗಳು. ಸ್ವಲ್ಪ ಮುಂದೆ ಹೋದರೆ ಒಂದು ಉದ್ಯಾನ. ಲಂಡನ್ ನಗರದಲ್ಲಿ ಥೇಮ್ಸ್ ನದಿಗೆ ಕಟ್ಟಿದ ಕಟ್ಟೆ ಇಂಥದು. ಬ್ಯಾಜಲ್ಜೆಟ್ ಎಂಬ ಇಂಜಿನಿಯರು ಅದನ್ನು ಕಟ್ಟಿಸಿದರು. 1870ರಲ್ಲಿ ಅದು ಜನರ ಸಂಚಾರಕ್ಕೆ ತೆರೆಯಿತು. ಆ ಕಟ್ಟೆಯ ಹೊಟ್ಟೆಯೊಳಗೆ ಊರಿನ ಕೊಳಚೆಯನ್ನು ಸಾಗಿಸುವ ದೊಡ್ಡದೊಂದು ಸುರಂಗ ಹೋಗಿದೆಯೆಂಬುದನ್ನು ಮೇಲೆ ನಡೆಯುವ ರಸಿಕರು ಸಾಮಾನ್ಯವಾಗಿ ನೆನೆಯುವುದಿಲ್ಲ. 1858ರ ಬೇಸಗೆಯಲ್ಲಿ ಥೇಮ್ಸ್ ನದಿಯು ಸಹಿಸಲಾರದಷ್ಟು ನಾರಿ, ಪಾರ್ಲಿಮೆಂಟಿನ ಸಭಾಸದರೂ ಮೂಗು ಮುಚ್ಚಿಕೊಳ್ಳಬೇಕಾಯಿತು. ಆ ನಾತದಿಂದ ಹುಟ್ಟಿದ ವಿಹಾರಮಾರ್ಗವದು. ಹೊಳೆಯನ್ನು ಒಂದಿಷ್ಟು ಹಿಂದಕ್ಕೆ ನೂಕಿ, ಅದರ ಪಾಲಿನ ನೆಲವನ್ನು ನಗರವು ತನ್ನದಾಗಿ ಮಾಡಿಕೊಂಡಿತು. ಈ ಮಾತನ್ನು ತಾವು ನೆನಪಿನಲ್ಲಿಟ್ಟಿರಬೇಕು. ಮುಂದೆ ನಮಗೆ ಬೇಕಾಗುತ್ತದೆ.

ನಮ್ಮ ಸೀಮೆಯಲ್ಲಿ ಇಂಥ ಕಟ್ಟೆಗಳಿಲ್ಲ. ಹೊಳೆಗೆ ಹೋಗುವ ದಾರಿಗಳುಂಟು, ಹೊಳೆಯ ಜೊತೆಯಲ್ಲಿ ಹೋಗುವ ದಾರಿಗಳು ಅಪರೂಪ. ಊರಿನ ಓಣಿಯೊಂದು ಇಳಿಯುತ್ತ ಇಳಿಯುತ್ತ ಬಂದು ಮೆಟ್ಟಿಲಿನಲ್ಲಿಯೋ ಬಂಡೆಯಲ್ಲಿಯೋ ಮುಗಿಯುತ್ತದೆ. ಅಲ್ಲಿ ಒಂದು ಗುಡಿ, ಒಂದು ಹುಣಿಸೆಯ ಮರ, ಬಟ್ಟೆ ಒಗೆಯುವ ಕಲ್ಲುಗಳು. ಮಿಂದವರು ಮಡಿಯುಟ್ಟು ಬಂದ ದಾರಿಯಲ್ಲೇ ಹಿಂದಿರುಗುತ್ತಾರೆ. ಇದಕ್ಕೆ ಕಾರಣ ನಮ್ಮವರ ಅರಸಿಕತೆಯೆಂದು ಕೆಲವರು ಹೇಳುವುದನ್ನು ನಾವು ಕೇಳಿದ್ದೇವೆ. ಆದರೆ ವೈಶಾಖದಲ್ಲಿ ಎಮ್ಮೆಯ ಮೊಣಕಾಲು ಮುಳುಗದಷ್ಟು ನೀರಿದ್ದು, ಶ್ರಾವಣದಲ್ಲಿ ಹೊಲಗದ್ದೆಗಳನ್ನೆಲ್ಲ ನುಂಗಿ ಊರ ಅಗಸಿಯವರೆಗೆ ಬರುವ ನದಿಯ ಅಂಚಿನಲ್ಲಿ ಯಾರು ತಾನೆ ಪೀಠಗಳನ್ನು ನಿಲ್ಲಿಸಿಯಾರು? ವರ್ಷವೆಲ್ಲ ಒಂದೇ ಹದದಲ್ಲಿ ಹರಿಯುವ ನದಿಗೆ ತಕ್ಕ ಶಿಷ್ಟಾಚಾರವದು. ನಮ್ಮ ಹೊಳೆಗಳ ಜೊತೆಯಲ್ಲಿ ನಡೆಯಬೇಕೆಂದರೆ ಬೇರೆ ಕ್ರಮವನ್ನು ಹಿಡಿಯಬೇಕು. ಒಂದೊಂದು ಊರಿಗೂ ಹೋಗಿ, ಅದರ ಓಣಿಗಳಲ್ಲಿ ನೀರಿನವರೆಗೆ ಇಳಿದು, ಮತ್ತೆ ಮೇಲೇರಿ ಬಂದು, ಮುಂದಿನ ಊರಿಗೆ ಹೊರಡಬೇಕು. ಕಾವೇರಿ ಕಪಿಲೆಯರ ದಂಡೆಯಲ್ಲಿ ಹೀಗೆ ತಿರುಗಾಡಿದವರು ಶ್ರೋತೃಗಳಲ್ಲಿ ಅನೇಕರು ಇರಬಹುದು. ಇಂದು ನಾವು ತಮ್ಮನ್ನು ಉತ್ತರಕ್ಕೆ, ಘಟಪ್ರಭೆಯ ದಂಡೆಗೆ, ಕರೆದುಕೊಂಡು ಹೋಗಬೇಕೆಂದಿದ್ದೇವೆ.

ಹೊರಡುವುದು ಲೋಕಾಪುರದಿಂದ. ಇದು ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿಗೆ ಸೇರಿದ ಊರು. ನಮ್ಮ ಊರೂ ಹೌದು. ವಿಚಿತ್ರವೆಂದರೆ ಈ ಊರಿನಲ್ಲಿ ಘಟಪ್ರಭೆ ಹರಿಯುವುದಿಲ್ಲ. ಘಟಪ್ರಭೆಯು ಉತ್ತರಕ್ಕೂ ಮಲಪ್ರಭೆಯು ದಕ್ಷಿಣಕ್ಕೂ ಇರುವ ನಡುನಾಡು ಇದು. ಆದರೆ ನಾಲ್ಕು ದಾರಿಗಳು ಇಲ್ಲಿ ಕೂಡುತ್ತವೆ. ಉತ್ತರಕ್ಕೆ ಹೋದರೆ ಮುಧೋಳ, ಜಮಖಂಡಿ, ಪೂರ್ವಕ್ಕೆ ಕಲಾದಗಿ, ಬಾಗಲಕೋಟೆ, ಪಶ್ಚಿಮಕ್ಕೆ ಯರಗಟ್ಟಿಯ ಮೇಲೆ ಬೆಳಗಾವಿ, ದಕ್ಷಿಣಕ್ಕೆ ರಾಮದುರ್ಗ. ಹೊಳೆಯಿಲ್ಲದ ಊರಿಗೆ ದಾರಿಗಳೇ ಹೊಳೆಗಳು. ನಾಲ್ಕೂ ಕಡೆಯ ಸುದ್ದಿ, ನಾಲ್ಕೂ ಕಡೆಯ ಜೋಳ, ನಾಲ್ಕೂ ಕಡೆಯ ಧೂಳು ಇಲ್ಲಿ ಬಂದು ಸೇರುತ್ತವೆ.

ಇನ್ನೊಂದು ವಿಷಯದಲ್ಲಿ ಲೋಕಾಪುರದ ಹೆಸರು ಅಲ್ಲಿಯವರಿಗೇ ಗೊತ್ತಿಲ್ಲದಷ್ಟು ದೂರ ಹೋಗಿದೆ. ಈ ಸೀಮೆಯ ಕಲ್ಲುಗಳನ್ನು ಮೊದಲು ಕ್ರಮವಾಗಿ ಪರೀಕ್ಷಿಸಿದವರು ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂಶಾಸ್ತ್ರಜ್ಞರು. ಅವರ ಗ್ರಂಥವು 1876ರಲ್ಲಿ ಪ್ರಕಟವಾಯಿತು. ಈ ಕಲ್ಲುಗಳ ಸಮೂಹಕ್ಕೆ ಕಲಾದಗಿಯ ಹೆಸರು ನಿಂತಿತು. ತರುವಾಯದ ವಿದ್ವಾಂಸರು ಅದನ್ನು ವಿಭಾಗಿಸಿ ನೋಡಿದಾಗ ಕೆಳಗಿನ ಒಂದು ಪದರಕ್ಕೆ ಲೋಕಾಪುರದ ಹೆಸರನ್ನೇ ಕೊಟ್ಟರು. ಅದರಲ್ಲಿ ಬೆಣಚುಗಲ್ಲು ಉಂಟು, ಸುಣ್ಣದ ಕಲ್ಲು ಉಂಟು. ಸುಣ್ಣದ ಕಲ್ಲಿನಲ್ಲಿ ಕೆಲವೆಡೆ ಈರುಳ್ಳಿಯನ್ನು ಅಡ್ಡಲಾಗಿ ಕೊಯ್ದಂತೆ ಬಳೆಬಳೆಯಾದ ಗೆರೆಗಳು ಕಾಣುತ್ತವೆ. ಆಳವಿಲ್ಲದ ಕಡಲಿನ ತಳದಲ್ಲಿ ಕಣ್ಣಿಗೆ ಕಾಣದ ಜೀವಿಗಳು ಪದರದ ಮೇಲೆ ಪದರವಾಗಿ ಬೆಳೆದು ಬಿಟ್ಟುಹೋದ ಗುರುತುಗಳು ಅವು. ನೂರು ಕೋಟಿ ವರ್ಷಗಳಿಗೂ ಹಿಂದಿನವು. ಆದುದರಿಂದ ನಮ್ಮೂರಿಗೆ ನೀರಿನ ದಂಡೆ ಇಲ್ಲವೆಂದು ಯಾರಾದರೂ ಹೀಗಳೆದರೆ, ಇದ್ದಿತು, ಸ್ವಲ್ಪ ಹಿಂದೆ ಇದ್ದಿತು ಎಂದು ನಾವು ಉತ್ತರ ಕೊಡುತ್ತೇವೆ.

ಘಟಪ್ರಭೆಯ ವಿಷಯವಾಗಿ ಎರಡು ಮಾತು. ಅದು ಸಹ್ಯಾದ್ರಿಯಲ್ಲಿ ಸಮುದ್ರಮಟ್ಟಕ್ಕಿಂತ 884 ಮೀಟರ್ ಎತ್ತರದಲ್ಲಿ ಹುಟ್ಟಿ, 283 ಕಿಲೋಮೀಟರ್ ಹರಿದು, ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಹಿರಣ್ಯಕೇಶಿ ಮಾರ್ಕಂಡೇಯ ಎಂಬ ಉಪನದಿಗಳು ಅದಕ್ಕೆ ಸೇರುತ್ತವೆ. ಗೋಕಾಕದ ಬಳಿ 52 ಮೀಟರ್ ಕೆಳಕ್ಕೆ ಒಂದೇ ನೆಗೆತಕ್ಕೆ ಹಾರುವ ಈ ಹೊಳೆಯನ್ನು ಚಿತ್ರಪಟಗಳಲ್ಲಿ ನೋಡದವರು ಇರಲಾರರು. ಹಿಡಕಲ್ಲಿನಲ್ಲಿ ಅದಕ್ಕೆ ಅಣೆಕಟ್ಟು ಕಟ್ಟಿದರು. ಆ ಕೆಲಸ 1977ರಲ್ಲಿ ಮುಗಿಯಿತು. ಜಲಪಾತದ ಅಬ್ಬರವೆಲ್ಲ ಮುಗಿದು, ಕಾಲುವೆಗಳಿಗೆ ಕೊಡಬೇಕಾದುದನ್ನು ಕೊಟ್ಟು, ಎರೆಯ ಭೂಮಿಯ ಸಮತಟ್ಟಿನಲ್ಲಿ ದಣಿದವರಂತೆ ನಡೆಯುವ ಹೊಳೆಯೇ ನಮಗೆ ಸಿಕ್ಕುವುದು. ಪ್ರವಾಸಿಗರು ಗೋಕಾಕದಲ್ಲಿಯೇ ನಿಂತುಬಿಡುತ್ತಾರೆ. ಅಲ್ಲಿಂದ ಕೆಳಗೆ ನೋಡತಕ್ಕದ್ದು ಏನೂ ಇಲ್ಲವೆಂದು ಅವರ ಭಾವನೆ.

ಮುಧೋಳವು ಘಟಪ್ರಭೆಯ ಎಡದಂಡೆಯ ಊರು. ಲೋಕಾಪುರದ ಕಡೆಯಿಂದ ಹೋಗುವವರು ಹೊಳೆಯನ್ನು ದಾಟಿಯೇ ಊರನ್ನು ಸೇರಬೇಕು. ಸೇತುವೆಯ ಈಚೆಗೆ ವಾಹನದಿಂದ ಇಳಿದು, ಅದನ್ನು ಕಾಲುನಡಿಗೆಯಿಂದ ದಾಟಬೇಕೆಂಬುದು ನಮ್ಮ ಸಲಹೆ. ಎರಡು ಕಡೆಗೂ ಕಬ್ಬಿನ ಹಸುರು. ನೀರೆತ್ತುವ ಯಂತ್ರಗಳ ಕೊಳವೆಗಳು ದಂಡೆಯ ಮೇಲೆ ಹಾವಿನ ಹಿಂಡಿನಂತೆ ಬಿದ್ದಿರುತ್ತವೆ. ಇಷ್ಟು ಸಾಧುವಾದ ಹೊಳೆ 2019ರ ಆಗಸ್ಟ್ ತಿಂಗಳಲ್ಲಿ ಗೋಕಾಕವನ್ನು ಮುಳುಗಿಸಿ, ಮುಧೋಳದ ತಗ್ಗಿನ ಓಣಿಗಳಿಗೂ ನುಗ್ಗಿ, ಜನರನ್ನು ಬೀದಿಪಾಲು ಮಾಡಿತೆಂದರೆ ಬೇಸಗೆಯಲ್ಲಿ ನೋಡಿದವರು ನಂಬುವುದಿಲ್ಲ. ದಂಡೆಯ ಮೇಲೆ ಪೀಠಗಳೇಕಿಲ್ಲವೆಂಬ ಪ್ರಶ್ನೆಗೆ ಆ ವರ್ಷದ ನೀರಿನ ಗೆರೆಯೇ ಉತ್ತರ.

ಊರಿನ ಹೆಸರನ್ನು ಸ್ವಲ್ಪ ಬಿಡಿಸಿ ನೋಡೋಣ. ಮುದು ಎಂದರೆ ಹಳೆಯದು, ಪೊಳಲ್ ಎಂದರೆ ಪಟ್ಟಣ. ಎರಡೂ ಕೂಡಿ ಮುದುವೊಳಲ್ ಆಗಿ, ನಾಲಗೆಯಿಂದ ನಾಲಗೆಗೆ ಸವೆದು ಮುಧೋಳವಾಯಿತು. ಹಳೆಯ ಪಟ್ಟಣವೆಂಬ ಈ ಹೆಸರು ಹತ್ತನೆಯ ಶತಮಾನದಲ್ಲಿಯೇ ಇದ್ದಿತು. ಸಾವಿರ ವರ್ಷಗಳ ಹಿಂದಿನವರೂ ಈ ಊರನ್ನು ಕಂಡು, ಇದು ಬಹಳ ಹಳೆಯದಪ್ಪಾ ಎಂದುಕೊಂಡರೆಂದಾಯಿತು! ಇದರ ಬೀದಿಗಳಲ್ಲಿ ಹಿಂದಿನ ಕಾಲದ ಕಟ್ಟಡಗಳನ್ನು ಎಣಿಸುತ್ತ ಹೋಗುವವನಿಗೆ ನಿರಾಶೆಯಾದೀತು. ಇಲ್ಲಿ ಹಳಮೆಯಿರುವುದು ಹೆಸರಿನಲ್ಲಿ, ಮತ್ತು ಆ ಹೆಸರನ್ನು ತನ್ನ ಕಾವ್ಯದಲ್ಲಿ ಬರೆದಿಟ್ಟ ಒಬ್ಬ ಮನುಷ್ಯನಲ್ಲಿ.

ಆ ಮನುಷ್ಯನು ರನ್ನ. ಕ್ರಿಸ್ತಶಕ 949ರಲ್ಲಿ ಇಲ್ಲಿ ಹುಟ್ಟಿದನು. ಬಳೆಗಾರರ ಮನೆಯ ಮಗ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ತನ್ನ ಕುಲವನ್ನೂ ಊರನ್ನೂ ನಾಡನ್ನೂ 993ರ ಅಜಿತಪುರಾಣದಲ್ಲಿ ಅವನೇ ಹೇಳಿಕೊಂಡಿದ್ದಾನೆ. ಪಂಪ ಪೊನ್ನರ ಸಾಲಿನಲ್ಲಿ ಮೂರನೆಯ ರತ್ನವಾಗಿ, ಚಾಲುಕ್ಯ ಚಕ್ರವರ್ತಿಯಿಂದ ಕವಿಚಕ್ರವರ್ತಿಯೆಂಬ ಬಿರುದನ್ನು ಪಡೆದವನು ತನ್ನ ಹಿರಿಯರು ಬಳೆಯ ಮಲಾರವನ್ನು ಹೊತ್ತು ತಿರುಗಿದವರೆಂಬುದನ್ನು ಮುಚ್ಚಿಡಲಿಲ್ಲ. ಮುಧೋಳದ ಪೇಟೆಯಲ್ಲಿ ಬಳೆಯಂಗಡಿಯ ಮುಂದೆ ನಡೆಯುವಾಗ ನಮಗೆ ಈ ಮಾತು ನೆನಪಾಗದೆ ಇರುವುದಿಲ್ಲ. ಅವನು ತಿರುಗಾಟದ ಮನುಷ್ಯನೂ ಹೌದು. ವಿದ್ಯೆಯನ್ನು ಅರಸಿ ಗಂಗನಾಡಿಗೆ ಬಂದನು. ಅಜಿತಸೇನಾಚಾರ್ಯರು ಗುರುಗಳಾದರು, ಚಾವುಂಡರಾಯನು ಆಶ್ರಯ ಕೊಟ್ಟನು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ಕವಿರತ್ನನೆಂಬ ಹೆಸರು ಕೊರೆದಿರುವುದನ್ನು ಆ ಕಡೆಯ ಶ್ರೋತೃಗಳು ನೋಡಿರಬಹುದು. ಘಟಪ್ರಭೆಯ ದಂಡೆಯಿಂದ ಅಲ್ಲಿಯವರೆಗೆ ಆ ಕಾಲದಲ್ಲಿ ಎಷ್ಟು ದಿನದ ದಾರಿಯಾಗಿದ್ದಿರಬಹುದೋ, ಲೆಕ್ಕ ಹಾಕುವ ಆಸೆಯುಳ್ಳವರು ಹಾಕಬಹುದು.

ಮುಧೋಳವನ್ನು ಹಲವು ತಲೆಮಾರು ಘೋರ್ಪಡೆ ಮನೆತನದ ಅರಸರು ಆಳಿದರು. ಈ ಸಂಸ್ಥಾನವು 1948ರ ಮಾರ್ಚ್ 8ರಂದು ಮುಂಬಯಿ ಪ್ರಾಂತದಲ್ಲಿ ಲೀನವಾಯಿತು. ಅರಸರಲ್ಲಿ ಮಾಲೋಜಿರಾವ್ ಘೋರ್ಪಡೆಯವರ ಹೆಸರು ಲೋಕಕ್ಕೆ ತಿಳಿದಿರುವುದು ನಾಯಿಗಳ ಮೂಲಕ. ಸಣ್ಣ ನಡು, ಉದ್ದ ಮೋರೆ, ಗಾಳಿಯಂಥ ಓಟದ ಬೇಟೆನಾಯಿಗಳು. ಅವನ್ನು ಆರಿಸಿ ಸಾಕಿ ತಳಿಯನ್ನು ಉಳಿಸಿದರು. ಒಂದು ಜೋಡಿಯನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟರೆಂದೂ ಅಂದಿನಿಂದ ಆ ನಾಯಿಗೆ ಮುಧೋಳದ ಹೆಸರು ನಿಂತಿತೆಂದೂ ಹೇಳುವರು. 2005ರಲ್ಲಿ ಭಾರತದ ಅಂಚೆಯ ಚೀಟಿಯ ಮೇಲೆಯೂ ಅದು ಬಂದಿತು. ರನ್ನನ ಊರು ಯಾವುದೆಂದು ಕೇಳಿದರೆ ತಡವರಿಸುವ ವಿದ್ಯಾರ್ಥಿಯೂ ಮುಧೋಳದ ನಾಯಿಯೆಂದರೆ ಕಣ್ಣರಳಿಸುತ್ತಾನೆ. ಪಾಠ ಹೇಳುವ ವೃತ್ತಿಯವರಾದ ನಮಗೆ ಇದರಿಂದ ಸ್ವಲ್ಪ ಸಂಕಟವಾಗುವುದುಂಟು. ಆದರೆ ನಾಯಿಯ ತಪ್ಪೇನೂ ಇಲ್ಲ. 1995ರಲ್ಲಿ ಎಚ್. ಎಲ್. ನಾಗೇಗೌಡರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ಇಲ್ಲಿ ನೆರೆದು, ಕವಿಯ ಋಣವನ್ನು ಒಂದಷ್ಟು ತೀರಿಸಿತೆನ್ನಬಹುದು.

ಈ ಸಂಸ್ಥಾನದೊಳಗಿನ ಹಲಗಲಿಯ ಬೇಡರು 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಸರಕಾರದ ಕಾಯಿದೆಯನ್ನು ಧಿಕ್ಕರಿಸಿ ಎದ್ದರು. ಆ ಡಿಸೆಂಬರಿನಲ್ಲಿ 19 ಮಂದಿಯನ್ನು ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು. ಶಾಸನಗಳ ವಿದ್ವಾಂಸರಾದ ಫ್ಲೀಟ್ ಅವರು ಈ ಸಂಗತಿಯ ಲಾವಣಿಯನ್ನು ಹಾಡುವವರ ಬಾಯಿಂದ ಸಂಗ್ರಹಿಸಿ ಅಚ್ಚುಹಾಕಿಸಿದರು. ದೊರೆತನದ ಅಧಿಕಾರಿಯೊಬ್ಬನೇ ದೊರೆತನಕ್ಕೆ ಎದುರು ನಿಂತವರ ಹಾಡನ್ನು ಉಳಿಸಿಕೊಟ್ಟನೆಂಬುದು ಇತಿಹಾಸದ ಚಮತ್ಕಾರಗಳಲ್ಲಿ ಒಂದು.

ಮುಧೋಳದಿಂದ ಹೊಳೆಯು ಆಗ್ನೇಯಕ್ಕೆ ಬಾಗಿ ಕಲಾದಗಿಯ ಕಡೆಗೆ ನಡೆಯುತ್ತದೆ. ನಾವು ಲೋಕಾಪುರಕ್ಕೆ ಹಿಂದಿರುಗಿ, ಪೂರ್ವದ ದಾರಿ ಹಿಡಿದು ಅದನ್ನು ಮುಂದೆ ಸಂಧಿಸಬೇಕು. ಕಲಾದಗಿಯು ದೊಡ್ಡ ಊರಾಗುವ ಯೋಗ ಬಂದು ಕೈಬಿಟ್ಟುಹೋದ ಊರು. 1864ರಲ್ಲಿ ಇದನ್ನು ಒಂದು ಜಿಲ್ಲೆಯ ಮುಖ್ಯಸ್ಥಳವನ್ನಾಗಿ ಮಾಡಿದರು. ಇದಾದ ಹನ್ನೆರಡು ವರ್ಷಗಳಲ್ಲಿ ಬಂದ 1876ರಿಂದ 78ರವರೆಗಿನ ಮಹಾಕ್ಷಾಮವು ಈ ಜಿಲ್ಲೆಯನ್ನು ಹಿಂಡಿಹಾಕಿತು. 1885ರಲ್ಲಿ ಕಲೆಕ್ಟರರ ಕಚೇರಿ ವಿಜಾಪುರಕ್ಕೆ ಹೋಯಿತು. ಕಚೇರಿ ಹೋದ ಊರಿನಲ್ಲಿ ಉಳಿದುದು ತೋಟಗಾರಿಕೆ. ದಾಳಿಂಬೆ, ಚಿಕ್ಕು ಮೊದಲಾದ ಹಣ್ಣುಗಳಿಗೆ ಕಲಾದಗಿ ಇಂದಿಗೂ ಹೆಸರಾಗಿದೆ. ಉದ್ಯಾನವಿಲ್ಲದೆ ನದೀವಿಹಾರವೆಂತು ಎಂದು ಕೇಳುವವರಿಗೆ ನಾವು ಈ ತೋಟಗಳನ್ನು ತೋರಿಸುತ್ತೇವೆ. ಇಲ್ಲಿ ಹೂವಿನ ಪಾತಿಗಳಾಗಲಿ ಚಿಲುಮೆಗಳಾಗಲಿ ಇಲ್ಲ; ತೋಟದವನ ಅಪ್ಪಣೆಯಿಲ್ಲದೆ ಒಳಗೆ ಕಾಲಿಡುವ ಹಾಗೂ ಇಲ್ಲ. ಆದರೆ ಅಪ್ಪಣೆ ಕೇಳಿದವನನ್ನು ಬರಿಗೈಯಲ್ಲಿ ಕಳುಹಿಸುವ ಪದ್ಧತಿ ಅಲ್ಲಿಲ್ಲ. ಸರಕಾರದ ಉದ್ಯಾನಗಳಲ್ಲಿ ಹೂವನ್ನು ಮುಟ್ಟಬಾರದೆಂಬ ಹಲಗೆಗಳನ್ನು ಓದಿ ಬಂದವರಿಗೆ ಈ ಭೇದ ಚೆನ್ನಾಗಿ ತಿಳಿಯುತ್ತದೆ.

ಇನ್ನು ಬಾಗಲಕೋಟೆ. ಈ ತಿರುಗಾಟಕ್ಕೆ ನಾವು ತಮ್ಮನ್ನು ಕರೆದುದೇ ಈ ಊರಿಗಾಗಿ.

ಬಾಗಲಕೋಟೆಯು ಘಟಪ್ರಭೆಯ ಬಲದಂಡೆಯ ಪಟ್ಟಣ. ಶಾಸನಗಳಲ್ಲಿ ಇದರ ಹೆಸರು ಬಾಗಡಗೆ. ಲಂಕೆಯ ರಾವಣನು ತನ್ನ ಬಜಂತ್ರಿಗಳಿಗೆ, ಅಂದರೆ ವಾದ್ಯಗಾರರಿಗೆ, ಈ ಊರನ್ನು ಉಂಬಳಿಯಾಗಿ ಕೊಟ್ಟನೆಂದು ಒಂದು ಕಥೆಯುಂಟು. ಇತಿಹಾಸಕಾರರು ಈ ಕಥೆಯನ್ನು ಕೇಳಿ ನಗಬಹುದು. ಹೋಳಿಯ ಹಬ್ಬದಲ್ಲಿ ಈ ಊರಿಗೆ ಹೋಗಿ, ಹಲಗೆಯ ನಾದವನ್ನು ಎದೆಯಲ್ಲಿ ಹೊತ್ತು ತಂದವರು ನಗಲಾರರು. ಪೇಶ್ವೆಯರ ಕಾಲದಲ್ಲಿ ಇದು ರಾಸ್ತೆಯೆಂಬ ಸರದಾರ ಮನೆತನದ ಕೈಯಲ್ಲಿದ್ದು, 1818ರಲ್ಲಿ ಇಂಗ್ಲಿಷರಿಗೆ ವಶವಾಯಿತು. ಇಲ್ಲಿ ಒಂದು ಟಂಕಸಾಲೆಯಿದ್ದಿತು. ಬಾಗಲಕೋಟೆಯ ರೂಪಾಯಿ ಸುತ್ತಿನ ಸೀಮೆಯಲ್ಲಿ ನಡೆಯುತ್ತಿದ್ದಿತು. ಊರು ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಎಂದು ಐದು ಭಾಗವಾಗಿ ಬೆಳೆಯಿತು. ಮಣ್ಣಿನ ಮೇಲ್ಮುದ್ದೆಯ ಮಾಳಿಗೆಮನೆಗಳು, ಎರಡು ಎತ್ತಿನ ಬಂಡಿಗಳು ಎದುರಾದರೆ ಒಂದು ಹಿಂದೆ ಸರಿಯಬೇಕಾದ ಓಣಿಗಳು, ಅರಿವೆಯ ಅಂಗಡಿಗಳು. ಓಣಿಗಳು ನಮ್ಮ ಪದ್ಧತಿಯಂತೆ ಹೊಳೆಗೆ ಇಳಿಯುತ್ತಿದ್ದವು.

ಈಗಲೂ ಇಳಿಯುತ್ತವೆ. ಆದರೆ ಇಳಿದು ಹೋಗುವ ದಾರಿ ಮೆಟ್ಟಿಲನ್ನು ಸೇರುವುದಕ್ಕೆ ಮೊದಲೇ ನೀರನ್ನು ಸೇರುತ್ತದೆ.

ಸಂಗತಿಯನ್ನು ಅರಿಯದವರಿಗಾಗಿ ಹೇಳಬೇಕು. ಘಟಪ್ರಭೆಯು ಕೃಷ್ಣೆಯನ್ನು ಕೂಡುವ ಸ್ಥಳಕ್ಕಿಂತ ಕೆಳಗೆ, ಆಲಮಟ್ಟಿಯಲ್ಲಿ, ಕೃಷ್ಣೆಗೆ ಅಡ್ಡಲಾಗಿ ಅಣೆಕಟ್ಟನ್ನು ಕಟ್ಟಲಾಯಿತು. 1964ರ ಮೇ 22ರಂದು ಪ್ರಧಾನಮಂತ್ರಿಗಳಾಗಲಿದ್ದ ಲಾಲ್ ಬಹಾದೂರ್ ಶಾಸ್ತ್ರಿಗಳು ಅಡಿಗಲ್ಲನ್ನಿಟ್ಟರು. ಕೆಲಸ ನಾಲ್ಕು ದಶಕಗಳ ಕಾಲ ನಡೆದು, 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅದನ್ನು ನಾಡಿಗೆ ಅರ್ಪಿಸಿದರು. ಸಮುದ್ರಮಟ್ಟಕ್ಕಿಂತ 519.6 ಮೀಟರ್ ಎತ್ತರಕ್ಕೆ ನೀರು ನಿಂತಾಗ ಅದು ಕೃಷ್ಣೆಯಲ್ಲಿ ಮಾತ್ರ ನಿಲ್ಲುವುದಿಲ್ಲ; ಕೂಡಿದ ಹೊಳೆಯಲ್ಲಿಯೂ ಹಿಂದಕ್ಕೆ ಏರುತ್ತದೆ. ಹೀಗೆ ಘಟಪ್ರಭೆಯು ಬಾಗಲಕೋಟೆಯ ಬಳಿ ಹರಿಯುವುದನ್ನು ಬಿಟ್ಟು ನಿಂತಿತು. ನಿಂತು, ಅಗಲವಾಗಿ, ಊರಿನೊಳಕ್ಕೆ ಬಂದಿತು. ಲಂಡನ್ನಿನಲ್ಲಿ ನಗರವು ನದಿಯ ನೆಲವನ್ನು ತೆಗೆದುಕೊಂಡಿತೆಂದು ಮೊದಲು ಹೇಳಿದೆವಷ್ಟೆ. ಬಾಗಲಕೋಟೆಯಲ್ಲಿ ನದಿಯು ನಗರದ ನೆಲವನ್ನು ತೆಗೆದುಕೊಂಡಿತು.

ಈ ನೀರು ವ್ಯರ್ಥವಾದುದಲ್ಲ. ಕೃಷ್ಣಾ ಮೇಲ್ದಂಡೆಯ ಯೋಜನೆಯ ಮೊದಲ ಎರಡು ಹಂತಗಳು 6.22 ಲಕ್ಷ ಹೆಕ್ಟೇರ್ ಭೂಮಿಗೆ ನೀರುಣಿಸಲೆಂದು ಏರ್ಪಟ್ಟವು. ಆಲಮಟ್ಟಿಯಲ್ಲಿ 290 ಮೆಗಾವಾಟ್ ವಿದ್ಯುತ್ತನ್ನು ಉತ್ಪಾದಿಸುವ ಯಂತ್ರಗಳಿವೆ. ಕ್ಷಾಮದ ನೆನಪಿಲ್ಲದ ಮನೆ ಈ ಸೀಮೆಯಲ್ಲಿ ಇಲ್ಲ. 1876ರ ಮಾತನ್ನು ಆಗಲೇ ಆಡಿದೆವು. ಅಂಥ ಬರಡುನೆಲಕ್ಕೆ ನೀರು ಹೋಗುವಾಗ ಬೇಡವೆನ್ನಲು ಯಾರಿಗೆ ಬಾಯಿ ಬಂದೀತು? ಆದರೆ ಒಬ್ಬರ ಹೊಲಕ್ಕೆ ಹೋಗುವ ನೀರು ಇನ್ನೊಬ್ಬರ ಪಡಸಾಲೆಯಲ್ಲಿ ನಿಂತಿದೆಯೆಂಬುದನ್ನು ಕಬ್ಬಿನ ಗದ್ದೆಯವರೂ ದೀಪದ ಕೆಳಗೆ ಓದುವವರೂ ತಿಳಿದಿರುವುದು ನ್ಯಾಯವೆಂದು ನಮಗೆ ತೋರುತ್ತದೆ.

ಮನೆ ಕಳೆದುಕೊಂಡವರಿಗಾಗಿ ಹಳೆಯ ಊರಿನ ಹೊರಗೆ, ಎತ್ತರದ ನೆಲದಲ್ಲಿ, ನವನಗರವನ್ನು ಕಟ್ಟಿದರು. ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಕೈ ಅದರ ಯೋಜನೆಯಲ್ಲಿದ್ದಿತು. ನೇರವಾದ ರಸ್ತೆಗಳು, ಬಯಲುಗಳು, ಉದ್ಯಾನಗಳು. 1997ರಲ್ಲಿ ಬಾಗಲಕೋಟೆಯು ಜಿಲ್ಲೆಯಾದ ಮೇಲೆ ಜಿಲ್ಲೆಯ ಕಚೇರಿಗಳು ನವನಗರದಲ್ಲಿಯೇ ನೆಲಸಿದವು. ಬೆಳಗಿನ ಹೊತ್ತು ಅಲ್ಲಿ ನಡೆದಾಡುವುದು ಹಿತಕರವಾಗಿಯೇ ಇದೆ. ಗಾಳಿಯುಂಟು, ನೆರಳುಂಟು, ಎದುರಿಗೆ ಬಂದ ಬಂಡಿಗೆ ದಾರಿ ಬಿಡಬೇಕೆಂಬ ಚಿಂತೆಯಿಲ್ಲ. ನಮಗೆ ಒಗ್ಗದ ವಿಷಯ ಒಂದೇ. ಅಲ್ಲಿಯ ಭಾಗಗಳನ್ನು ಸೆಕ್ಟರ್ ಎಂದು ಕರೆದು ಅಂಕಿಗಳನ್ನು ಕೊಟ್ಟಿದ್ದಾರೆ. ತಾವು ಯಾವ ಓಣಿಯವರು ಎಂದು ಕೇಳಿದರೆ ಮನುಷ್ಯನು ಒಂದು ಅಂಕಿಯನ್ನು ಹೇಳಬೇಕು. ಮನೆ ಹುಡುಕುವವರಿಗೆ ಇದರಿಂದ ಅನುಕೂಲವೇನೋ ಹೌದು. ಕಿಲ್ಲಾದವರು, ವೆಂಕಟಪೇಟೆಯವರು ಎಂದು ಹೇಳಿಕೊಂಡು ಬೆಳೆದವರ ಬಾಯಿಗೆ ಆ ಅಂಕಿ ಬೇಗ ಬರುವುದಿಲ್ಲ.

ಹಳೆಯ ಊರು ಪೂರ್ತಿಯಾಗಿ ಹೋಗಿಲ್ಲ. ಮೇಲಿನ ಓಣಿಗಳು ಉಳಿದಿವೆ, ಪೇಟೆ ನಡೆಯುತ್ತದೆ, ನವನಗರದಲ್ಲಿ ಮಲಗುವವರು ಎಷ್ಟೋ ಜನ ಹಗಲಿಗೆ ವ್ಯಾಪಾರಕ್ಕೆಂದು ಇಲ್ಲಿಗೇ ಬರುತ್ತಾರೆ. ಪೇಟೆಯ ಗದ್ದಲದಿಂದ ಹೊಳೆಯ ಕಡೆಗೆ ತಿರುಗಿದರೆ ಸದ್ದು ಕಡಮೆಯಾಗುತ್ತ ಬರುತ್ತದೆ. ಮೊದಲು ಜನರಿರುವ ಮನೆಗಳು. ಬಳಿಕ ಬೀಗ ಹಾಕಿದ ಮನೆಗಳು. ಬಳಿಕ ಬಾಗಿಲ ಚೌಕಟ್ಟನ್ನೂ ತೊಲೆಗಳನ್ನೂ ಬಿಚ್ಚಿಕೊಂಡು ಹೋದ ಗೋಡೆಗಳು. ಬಳಿಕ ಬರಿಯ ಅಡಿಪಾಯ, ಜಾಲಿಯ ಗಿಡಗಳು, ನೀರು. ನೂರು ಹೆಜ್ಜೆಗಳ ಒಳಗೆ ಒಂದು ಊರಿನ ಆಯುಸ್ಸನ್ನು ಹಿಂದಿನಿಂದ ಓದಿದಂತಾಗುತ್ತದೆ. ಬೇಸಗೆಯಲ್ಲಿ ಜಲಾಶಯದ ನೀರು ಇಳಿದಾಗ ದಂಡೆ ಕೆಳಕ್ಕೆ ಸರಿದು, ಮುಳುಗಿದ್ದ ನೆಲ ಬಿರುಕುಬಿಟ್ಟು ಮೇಲೆ ಕಾಣುತ್ತದೆ. ಅಂಥ ಒಂದು ಸಂಜೆ ನಾವು ಮಿತ್ರರೊಬ್ಬರೊಡನೆ ಅಲ್ಲಿ ನಿಂತಿರುವಾಗ ವಯಸ್ಸಾದವರೊಬ್ಬರು ಹತ್ತಿರ ಬಂದು, ನಾವು ಕೇಳದೆಯೇ ಕೈಚಾಚಿ ತೋರಿಸಿದರು: ‘ಅಲ್ಲಿ ನೋಡ್ರಿ, ಆ ಜಾಲಿಗಿಡದ ಆಚೆ ಒಂದು ಕಲ್ಲು ಕಾಣತೈತಲ್ಲ, ಅದು ನಮ್ಮ ಮನಿ ಕಟ್ಟಿ. ಸಂಜಿಮುಂದ ಅಲ್ಲೇ ಕುಂದರತಿದ್ವಿ.’ ಕಲ್ಲು ನಮಗೆ ಕಾಣಿಸಲಿಲ್ಲ. ಕಾಣುತ್ತದೆಂದು ಹೇಳಿದೆವು. ಪರಿಹಾರ ಬಂದಿತೇ ಎಂದು ಮಿತ್ರರು ಕೇಳಿದರು. ‘ಬಂತ್ರಿ. ಮನೀನೂ ಕಟ್ಟೀವಿ, ಛಲೋ ಐತಿ. ಹೊಳಿ ಮಾತ್ರ ದೂರ ಆತು’ ಎಂದರು ಅವರು, ಕಾಲ ಬಳಿಯಲ್ಲೇ ಇದ್ದ ನೀರನ್ನು ನೋಡುತ್ತ.

ಆ ಮಾತಿನ ಅರ್ಥ ನಮಗೆ ತಡವಾಗಿ ಹೊಳೆಯಿತು. ಅವರು ಹೊಳೆಯೆಂದುದು ಹರಿಯುತ್ತಿದ್ದ ಹೊಳೆಯನ್ನು, ಎದುರಿಗಿದ್ದುದು ಹಿನ್ನೀರು. ಆ ಹೊತ್ತಿನಲ್ಲಿ ನಮಗೆ ಮುಧೋಳದ ಕವಿಯ ನೆನಪಾಯಿತು. ಅವನ ಗದಾಯುದ್ಧದಲ್ಲಿ ಎಲ್ಲವನ್ನೂ ಕಳೆದುಕೊಂಡ ಕೌರವನು ವೈಶಂಪಾಯನ ಸರೋವರದ ನೀರಿನೊಳಗೆ ಅಡಗುತ್ತಾನೆ. ಹೊರಗೆ ನಿಂತವರು ಕೂಗಿ ಕರೆಯುತ್ತಾರೆ. ಭೀಮನ ಗರ್ಜನೆಗೆ ಅವನು ಎದ್ದು ಬರುತ್ತಾನೆ. ತರಗತಿಯಲ್ಲಿ ಆ ಭಾಗವನ್ನು ಹಲವು ವರ್ಷ ಪಾಠ ಹೇಳಿದ್ದೇವೆ. ನೀರಿನೊಳಗಿರುವುದನ್ನು ದಂಡೆಯಲ್ಲಿ ನಿಂತು ಕರೆಯುವುದು ಎಂಬುದನ್ನು ಕಣ್ಣಾರೆ ಕಂಡುದು ಆ ಸಂಜೆಯೇ. ಅದೇ ಹೊಳೆಯ ಮೇಲ್ಭಾಗದಲ್ಲಿ ಹುಟ್ಟಿದವನು ಆ ಕಾವ್ಯವನ್ನು ಬರೆದನೆಂಬುದಕ್ಕೂ ಇದಕ್ಕೂ ಸಂಬಂಧವನ್ನು ಕಲ್ಪಿಸುವುದು ಸರಿಯಲ್ಲ. ಆದರೂ ನೆನಪು ನಮ್ಮ ಅಪ್ಪಣೆಯನ್ನು ಕೇಳಿ ಬರುವುದಿಲ್ಲ.

ಕೃಷ್ಣಾ ಜಲವಿವಾದವನ್ನು ವಿಚಾರಿಸಿದ ಎರಡನೆಯ ನ್ಯಾಯಮಂಡಲಿಯು 2010ರಲ್ಲಿ ಆಲಮಟ್ಟಿಯ ನೀರನ್ನು 524.256 ಮೀಟರಿನವರೆಗೆ ನಿಲ್ಲಿಸಬಹುದೆಂದು ತೀರ್ಪು ಕೊಟ್ಟಿತು. ಮೊದಲಿನ ಮಟ್ಟಕ್ಕೂ ಇದಕ್ಕೂ ಹದಿನೈದು ಅಡಿಗಳ ಅಂತರ. ಹಳೆಯ ಊರಿನಲ್ಲಿ ಉಳಿದ ಓಣಿಗಳಲ್ಲಿ ಕೆಲವು ಈ ಹದಿನೈದು ಅಡಿಗಳ ಲೆಕ್ಕದೊಳಗೆ ಬರುತ್ತವೆ. ಇದು ನಡೆಯಬೇಕೆ ಬೇಡವೆ ಎಂಬುದು ರಾಜ್ಯರಾಜ್ಯಗಳ ನಡುವಣ ವ್ಯವಹಾರ. ತಿರುಗಾಟದ ಭಾಷಣದಲ್ಲಿ ಅದನ್ನು ತೀರ್ಮಾನಿಸಲಾಗದು. ಆ ಓಣಿಗಳಲ್ಲಿ ನಡೆಯಬೇಕೆಂಬ ಮನಸ್ಸುಳ್ಳವರು ಬಹಳ ವರ್ಷ ಮುಂದೂಡಬಾರದೆಂದು ಮಾತ್ರ ಹೇಳುತ್ತೇವೆ.

ಹೋಗುವುದಾದರೆ ಹೋಳಿಯ ದಿನಗಳಲ್ಲಿ ಹೋಗಬೇಕು. ಮೊದಲೇ ಹೇಳಿದ ಐದು ಭಾಗಗಳವರು ಸರದಿಯಂತೆ ದಿನಗಳನ್ನು ಹಂಚಿಕೊಂಡು, ಎತ್ತಿನ ಬಂಡಿಗಳ ಮೇಲೆ ಬಣ್ಣದ ಹಂಡೆಗಳನ್ನೂ ಪೀಪಾಯಿಗಳನ್ನೂ ಏರಿಸಿಕೊಂಡು ಹೊರಡುತ್ತಾರೆ. ಮುಂದೆ ಹಲಗೆಯವರು. ನವನಗರದ ಅಂಕಿಗಳೊಳಗೆ ಹಂಚಿಹೋದವರೂ ಆ ದಿನ ತಂತಮ್ಮ ಹಳೆಯ ಪೇಟೆಯ ಗುಂಪಿನಲ್ಲಿ ಸೇರುತ್ತಾರೆ; ಇವನು ಕಿಲ್ಲಾದವನು, ಇವನು ಹೊಸಪೇಟೆಯವನು ಎಂಬುದು ನವನಗರದಲ್ಲಿಯೇ ಹುಟ್ಟಿದ ಹುಡುಗನಿಗೂ ಗೊತ್ತಿರುತ್ತದೆ. ನೆಲ ಹೋದರೂ ಪೇಟೆಯ ಸರದಿ ಹೋಗಲಿಲ್ಲ. ಈ ಒಂದು ಕಾರಣಕ್ಕಾಗಿ ಹೋಳಿಯ ಗದ್ದಲವನ್ನು ಸಹಿಸಬಹುದೆಂದು, ಸ್ವಭಾವದಿಂದ ಗದ್ದಲವನ್ನು ಒಲ್ಲದ ನಾವೂ ಒಪ್ಪಿದ್ದೇವೆ.

ಶಾಂತವಾಗಿ ನೋಡಬೇಕೆನ್ನುವವರು ಮಾರ್ಗಶಿರ ಪುಷ್ಯಗಳಲ್ಲಿ ಬರಬಹುದು. ಆಗ ಹಿನ್ನೀರು ತುಂಬಿರುತ್ತದೆ. ವಲಸೆಯ ಹಕ್ಕಿಗಳು ಅಂಚಿನ ಕೆಸರಿನಲ್ಲಿ ಇಳಿದಿರುತ್ತವೆ. ಸುತ್ತಿನ ಹೊಲಗಳಲ್ಲಿ ಬಿಳಿಯ ಜೋಳ ಎದೆಯೆತ್ತರ ನಿಂತಿರುತ್ತದೆ. ಊರಿನ ಹೊರಗಿನ ಮುಚಖಂಡಿಯ ಕೆರೆಯವರೆಗೆ ನಡೆದು, ಅಲ್ಲಿಯ ವೀರಭದ್ರನ ಗುಡಿಯನ್ನು ನೋಡಿಕೊಂಡು ಬರುವುದಕ್ಕೆ ಒಂದು ಬೆಳಗು ಸಾಕು. ಲೋಕಾಪುರದಿಂದ ಮುಂಜಾನೆಯ ಮೊದಲ ಬಸ್ಸಿಗೆ ಹೊರಟರೆ ಬಿಸಿಲೇರುವ ಮೊದಲೇ ಬಾಗಲಕೋಟೆಯಲ್ಲಿರಬಹುದು. ಸಜ್ಜೆಯ ರೊಟ್ಟಿಯನ್ನೂ ಶೇಂಗಾದ ಚಟ್ನಿಯನ್ನೂ ಕಟ್ಟಿಕೊಂಡು ಬಂದರೆ ಮಧ್ಯಾಹ್ನದ ಚಿಂತೆಯಿಲ್ಲ. ಹೋಳಿಗೆ ಬರುವವರು ಮಾತ್ರ ಒಳ್ಳೆಯ ಬಟ್ಟೆಯನ್ನು ಮನೆಯಲ್ಲಿ ಬಿಟ್ಟು ಬರತಕ್ಕದ್ದು. ಪರವೂರಿನವರು, ಕಾಲೇಜಿನ ಉಪಾಧ್ಯಾಯರು ಎಂಬ ಭೇದವನ್ನು ಬಣ್ಣದ ಬಂಡಿಯವರು ಮಾಡುವುದಿಲ್ಲ.